ಅಂಚಿನಲ್ಲಿ ಅರ್ಧ ಕುದುರೆ

ದೇಶ ಸುತ್ತು, ಇಲ್ಲವೇ ಕೋಶ ಓದು ಅಂದರು.
ಓದಲು ಕೂತರೆ ಅಂಗಾಲು ತುರಿಸುತ್ತಿತ್ತು.
ಸುತ್ತಿದೆ.
ಐವತ್ತೆರಡು ವರ್ಷ, ಮೂರು ಕ್ಯಾಮೆರಾ,
ಒಂದೇ ಜೊತೆ ಮಂಡಿ.

ದೂರದ ಬೆಟ್ಟ ನುಣ್ಣಗಿಲ್ಲವೆಂದು
ನನಗೆ ಮೊದಲು ಹೇಳಿದ್ದು ಮಸೂರ.
ಲೊಫೊಟೆನ್ನಿನಲ್ಲಿ ಗಳುವಿಗೆ ನೇತುಬಿದ್ದ ಮೀನುಗಳ ನಡುವೆ
ನಾರುತ್ತ ನಿಂತಿದ್ದೆ, ಸೂರ್ಯ ಮುಳುಗಲಿ ಎಂದು.
ಅವನು ಮುಳುಗಲೇ ಇಲ್ಲ, ಮೇ ತಿಂಗಳ ಕೊನೆ.
ವಾಲ್ಪರೈಸೊದಲ್ಲಿ ಮೆಟ್ಟಿಲೆಣಿಸುತ್ತ ಉರುಳಿ
ಒಂದು ಹಲ್ಲು ಅಲ್ಲೇ ಬಿಟ್ಟೆ.
ಹರಾರಿನಲ್ಲಿ ಜ್ವರ ಬಂದು ಮಲಗಿದಾಗ
ಮನೆಯಾಕೆ ಕಾಫಿಬೀಜ ಹುರಿದು ಹೊಗೆ ಮೂಗಿಗೆ ಹಿಡಿದಳು.
ಅವಳ ಹೆಸರು ಬರೆದುಕೊಳ್ಳಲಿಲ್ಲ.
ಚಿತ್ರ ಮಾತ್ರ ಚೆನ್ನಾಗಿ ಬಂದಿದೆ.

ಇದು ಬೇರೆ. ಇದರ ಬೆನ್ನಿಗೆ ಪೆನ್ಸಿಲಿನಲ್ಲಿ:
'ತೊಕ್ತೊಸುನ್. ಕೊಚ್ಕೋರಿನ ದಾರಿ. ಬಸ್ಸು ಕೆಟ್ಟ ದಿನ. ಕಳಿಸಬೇಕು.'
ಕಳಿಸಬೇಕು ಎಂಬ ಮಾತಿಗೆ ಮೂವತ್ತೊಂದು ವರ್ಷ.

ಅಂದು ದೊಲೊನ್ ಘಾಟಿಯಲ್ಲಿ ಚಾಲಕ
ಎಂಜಿನ್ನಿಗೆ ಗೊತ್ತಿದ್ದ ಬೈಗುಳವನ್ನೆಲ್ಲ ಮುಗಿಸಿ
ಮೊದಲಿಂದ ಶುರುಮಾಡುವ ಹೊತ್ತಿಗೆ
ಮೇಲಿನ ಹುಲ್ಲುಗಾವಲಿಂದ ಇವನು ಇಳಿದು ಬಂದ.
ಬಿಳಿ ಉಣ್ಣೆಯ ಟೊಪ್ಪಿಗೆ ತೊಡೆಗೆ ಬಡಿದು ಧೂಳು ಕೊಡವಿ
ಬಟ್ಟಲು ತುಂಬ ಹುಳಿತ ಕುದುರೆಹಾಲು ಕೊಟ್ಟ.
ಕುಡಿದೆ. ಕಣ್ಣಲ್ಲಿ ನೀರು. ಅವನು ನಕ್ಕ.
ಆ ನಗೆಯನ್ನೇ ಹಿಡಿದೆ: ಎರಡು ಚಿನ್ನದ ಹಲ್ಲು,
ಕೆನ್ನೆಯ ಗೆರೆಗಳಲ್ಲಿ ತಂಗಿದ ಅಡ್ಡಬೆಳಕು.
ಮೂರು ಪ್ರದರ್ಶನಗಳಲ್ಲಿ ಜನ ಇದರ ಮುಂದೆ ನಿಂತರು.
ಅವನಿಗಷ್ಟೇ ಕಳಿಸಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ, ಎರಡು ರಟ್ಟಿನ ನಡುವೆ ಅವನನ್ನು ಮಲಗಿಸಿ
ಮತ್ತೆ ಹೋದೆ.
ರಸ್ತೆಗೀಗ ಡಾಂಬರು. ಬಸ್ಸು ಕೆಡಲಿಲ್ಲ, ಅದೊಂದು ಬೇಸರ.
ಕೊಚ್ಕೋರಿನ ಸಂತೆಯಲ್ಲಿ ಮೊಸರುಂಡೆ ಮಾರುವಾಕೆ
ಚಿತ್ರ ನೋಡಿ, ಕೈ ಒರೆಸಿಕೊಂಡು, ಮತ್ತೆ ನೋಡಿ
ಬೆರಳು ತೋರಿದಳು: ನೀಲಿ ಗೇಟು, ಮೂರನೆಯದು.

ತೊಕ್ತೊಸುನ್ ತೀರಿಕೊಂಡು ಒಂಬತ್ತು ವರ್ಷವಂತೆ.
ಹೆಂಡತಿ ಬುರ್ಮಕಾನ್, ಮಗಳು ಅನಾರ್ಕುಲ್,
ಅವಳ ಮಕ್ಕಳು, ಪಕ್ಕದ ಮನೆಯವರು, ಅವರ ನೆಂಟರು,
ಕರಿದ ಹಿಟ್ಟಿನ ತುಣುಕು ರಾಶಿ ಸುರಿದ ಮೇಜಿನ ಸುತ್ತ.
ರಟ್ಟು ಬಿಚ್ಚಿದೆ.
ಅಳುತ್ತಾರೆ, ನನ್ನ ಕೈ ಹಿಡಿದುಕೊಳ್ಳುತ್ತಾರೆ
ಅಂದುಕೊಂಡಿದ್ದೆ. ಒಪ್ಪುತ್ತೇನೆ.

ಬುರ್ಮಕಾನ್ ಕನ್ನಡಕ ಏರಿಸಿದಳು.
ಗಂಡನ ಮುಖದ ಮೇಲೆ ಒಂದು ಗಳಿಗೆ. ಹೂಂ, ಅವನೇ.
ಆಮೇಲೆ ಅವಳ ಉಗುರು ಎಡಕ್ಕೆ ಜಾರಿತು,
ಇನ್ನೂ ಎಡಕ್ಕೆ,
'ಕಶ್ಕಾ!'

ಅರ್ಧ ಕುದುರೆ.
ಒಂದು ಕಿವಿ, ಒಂದು ಕಣ್ಣು, ಹಣೆಗೆ ಬಿಳಿಯ ನಾಮ,
ಮಿಕ್ಕಿದ್ದು ಚೌಕಟ್ಟಿನಾಚೆ. ಇದ್ದದ್ದೂ ಮಸುಕು.
ಪ್ರದರ್ಶನಕ್ಕೆಂದು ಪ್ರತಿ ಸಲವೂ
ಅದನ್ನು ನಾನೇ ಕತ್ತರಿಸಿ ಎಸೆದಿದ್ದೆ.

ಮನೆ ಎದ್ದು ಕೂತಿತು.
ಮಾಸ್ತರರ ಟೊಪ್ಪಿಗೆ ತಿಂದದ್ದು ಇದೇ ಕಶ್ಕಾ,
ಎದೆಮಟ್ಟದ ಹಿಮದಲ್ಲಿ ಸೂಲಗಿತ್ತಿಯನ್ನು ಹೊತ್ತು ತಂದದ್ದು ಇದೇ.
ಆ ಚಳಿಗಾಲ ರೂಬಲ್ಲಿಗೆ ಬೆಲೆ ಇರಲಿಲ್ಲ,
ನಾಲ್ಕು ಮೂಟೆ ಹಿಟ್ಟಿಗೆ ಕೊಟ್ಟುಬಂದರು.
'ಮೊದಲ ರೊಟ್ಟಿ ಮುರಿದು ಮೂಸಿದ,' ಅಂದಳು ಬುರ್ಮಕಾನ್,
'ಕುದುರೆ ವಾಸನೆ ಅಂದ. ತಿನ್ನಲಿಲ್ಲ.'
ಆಗಿನ್ನೂ ಅವಳ ಹೊಟ್ಟೆಯಲ್ಲಿದ್ದ ಅನಾರ್ಕುಲ್
ಹುಟ್ಟಿದಂದಿನಿಂದ ಕೇಳಿದ್ದನ್ನು ಮೊದಲ ಸಲ ಕಂಡು
'ಹೀಗಿತ್ತಾ?' ಅಂದಳು, ಅಷ್ಟೇ.

ಎಲ್ಲರಿಗಿಂತ ಚಿಕ್ಕವನು ಚಿತ್ರ ಮಗುಚಿ ನೋಡಿದ,
ಬೆನ್ನಲ್ಲಿ ಹುಡುಕಿದ, ನನ್ನನ್ನು ಕೇಳಿದ:
ಉಳಿದರ್ಧ ಎಲ್ಲಿ?

ಈಗ ಮನೆಯಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದೇನೆ.
ನಲವತ್ತು ಸಾವಿರ ಚಿತ್ರ. ಮುಖಗಳನ್ನು ಬಿಟ್ಟು
ಬರೀ ಅಂಚು ಓದುತ್ತೇನೆ, ತಡವಾಗಿ ಸಿಕ್ಕ ಕೋಶ.
ಹರಾರಿನ ಹೊಗೆಯ ಹಿಂದೆ, ಬಾಗಿಲ ಪಕ್ಕ,
ಒಂದು ಪುಟ್ಟ ಚಪ್ಪಲಿ.
ಒಂದೇ.
ಯಾರದೋ.

ರಟ್ಟು ಕತ್ತರಿಸಿಟ್ಟಿದ್ದೇನೆ.
ಮಂಡಿಗಳಿಗಿನ್ನೂ ಹೇಳಿಲ್ಲ.