ಗಾಜಿನ ಮೂಗು

ಈ ಹಳೆಯ ವಿಮಾನಕ್ಕೆ ಗಾಜಿನ ಮೂಗು.
ಒಳಗೊಂದು ಕುರ್ಚಿ. ಪೈಲಟ್ಟುಗಳಿಗಿಂತ
ನಾಲ್ಕು ಮೊಳ ಮುಂದೆ, ಎರಡು ಮೊಳ ಕೆಳಗೆ
ಕೂತು ದಾರಿ ಹೇಳಿದವರು ಚೂ ಶಿಯಾನ್‌ಟಿಂಗ್, ಇಪ್ಪತ್ತಾರು ವರ್ಷ.
"ಎಲ್ಲಿಗೇ ಹೋಗಲಿ, ಉಳಿದ ನಾಲ್ವರಿಗಿಂತ
ಎವೆಯಿಕ್ಕುವಷ್ಟು ಮೊದಲು ನಾನಲ್ಲಿರುತ್ತೇನೆ."
ಕುಡಿದಾಗಲೂ ಅದೇ ಮಾತು, ಕುಡಿಯದಿದ್ದಾಗಲೂ.

ನಾನು ಸಾಂಗ್ ಯುಎಝೆನ್. ಹ್ಯಾಂಗರಿನ ಮೆಕ್ಯಾನಿಕ್ಕು.
ಆ ಗಾಜು ಒರೆಸುವುದು ನನ್ನ ಪಾಲಿಗೆ ಬಂದ ಕೆಲಸ.
ಹಾನ್ ನದಿಯ ಬಯಲಲ್ಲಿ ಸಾಸಿವೆ ಹೂಬಿಟ್ಟರೆ
ಹಳದಿ ಪುಡಿ, ಜೇನ್ನೊಣದ ಅರ್ಧ ರೆಕ್ಕೆ;
ಚಳಿಯಲ್ಲಿ ಚಿನ್‌ಲಿಂಗ್ ಬೆಟ್ಟಸಾಲು ದಾಟಿ ಬಂದರೆ
ಬೆಕ್ಕು ಪರಚಿದಂತೆ ಮಂಜುಗಡ್ಡೆಯ ಗೀರು.

ಹೊಸದು ಬಂದು ನಿಂತಿದೆ ಈಗ, ಪಕ್ಕದ ಅಂಕಣದಲ್ಲಿ.
ನಾಲ್ಕು ಜೆಟ್ಟು. ಬಾಲದ ತುದಿ ನೋಡಲು ಹೋದರೆ
ತಲೆಯ ಟೋಪಿ ಹಿಂದಕ್ಕೆ ಬೀಳುತ್ತದೆ.
ಹೊಟ್ಟೆಯೊಳಕ್ಕೆ ಟ್ಯಾಂಕೊಂದು ತಾನಾಗಿ ಹೋಗಿ ನಿಂತಿತು,
ದನ ಕೊಟ್ಟಿಗೆ ಹೊಕ್ಕ ಹಾಗೆ; ರೆಕ್ಕೆ ಒಂದಿಷ್ಟೂ ಅಲುಗಲಿಲ್ಲ.
ನೆರೆದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾನೂ ಇಟ್ಟೆ.
ಅದರ ಮೂಗು ಬೂದು, ಮುಚ್ಚಿದ್ದು. ಒಳಗೆ ರೇಡಾರ್.
ಕುರ್ಚಿ ಮೂರೇ.

ಹಳತನ್ನು ಹಾಡಿಹೊಗಳುವವಳಲ್ಲ ನಾನು.
ಸರಕಿನ ಕೋಣೆಗೆ ಗಾಳಿಯೊತ್ತಡವೇ ಇರಲಿಲ್ಲ ಇದರಲ್ಲಿ.
ಎತ್ತರದ ನಾಡಿಗೆ ಹೋಗುವಾಗ ಹೊಸ ಹುಡುಗರು
ರಬ್ಬರ್ ನಳಿಗೆ ಕಚ್ಚಿಕೊಂಡು ನೀಲಿಗಟ್ಟುತ್ತಿದ್ದರು.
ಆಲೂಗಡ್ಡೆ ಕಲ್ಲಾಗುತ್ತಿತ್ತು.
ನನ್ನ ಎಡಗಿವಿಯನ್ನು ತಿಂದದ್ದು ಇದರ ಪ್ರೊಪೆಲ್ಲರುಗಳೇ.
ಒಂದು ವರ್ಷ, ಹಿಮಕ್ಕೆ ಸಿಕ್ಕ ಹುಲ್ಲುಗಾವಲಿನಿಂದ
ನೂರಾ ನಲವತ್ತು ಕುರಿ ತುಂಬಿ ತಂದೆವು;
ಮೂರು ತಿಂಗಳು ಸೋಡಾ ಹಾಕಿ ತಿಕ್ಕಿದರೂ ವಾಸನೆ ಬಿಡಲಿಲ್ಲ.
ತಪಾಸಣೆಗೆ ಬಂದ ಅಧಿಕಾರಿಗಳು ಮೂಗು ಮುರಿದರು.
ಚೂ ತಮ್ಮ ಗಾಜಿನೊಳಗೆ
ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತಿದ್ದರು:
"ಕುರಿಗಳಿಗೆ ನಾವು ಹೇಗೆ ನಾರಿದೆವೋ!"

ಕಮಿಸಾರ್ ಲುವಾನ್ ಎರಡು ವರ್ಷ ಅವರ ಮೂಗಿಗೆ ತುಪ್ಪ ಸವರಿದರು:
ಇಗೋ ತರಬೇತಿ, ಅಗೋ ಸಿಮ್ಯುಲೇಟರ್,
ನಿಮ್ಮಂಥ ಪಳಗಿದವರನ್ನು ಬಿಟ್ಟೇವೆಯೇ.
ಆಮೇಲೊಂದು ಕಾಗದ ಬಂತು: ಪ್ಯಾರಾಚೂಟ್ ಉಗ್ರಾಣ, ಲೆಕ್ಕದ ಪುಸ್ತಕ.
ಓದಿ, ಮಡಿಸಿ, ಜೇಬಿಗಿಟ್ಟು
ಊಟದ ಸಾಲಿನಲ್ಲಿ ನಿಂತರು. ಅಂದು ಹುಳಿ ನೂಡಲ್ಸ್ ಇತ್ತು.

ಕೊನೆಯ ಹಾರಾಟ ಗಾನ್ಸುವಿನ ಮರಳುಗಾಡಿಗೆ,
ಬಿಚ್ಚಿ ಹಾಕುವ ಅಂಗಳಕ್ಕೆ.
ದಾರಿ ತೋರಲು ಉಪಗ್ರಹದ ಪೆಟ್ಟಿಗೆಯಿದೆ. ಆದರೂ
ಚೂ ನಕ್ಷೆ ಹಾಸಿದರು, ಬ್ಲೇಡಿನಿಂದ ಪೆನ್ಸಿಲು ಹೆರೆದರು,
ಗೆರೆ ಎಳೆದು, ಅಳಿಸಿ,
ಕೂದಲೆಳೆಯಷ್ಟು ಬಡಗಕ್ಕೆ ಸರಿಸಿ ಮತ್ತೆ ಎಳೆದರು.
"ಇವತ್ತು ಎರಡು ಸಲ ಒರೆಸು, ಯುಎಝೆನ್."

ಹೊರಗಡೆ ಎರಡು ಸಲ ಒರೆಸಿದೆ. ಒಳಗೆ ಹೊಕ್ಕರೆ
ನಡುವಿನ ಗಾಜಿನಲ್ಲಿ, ಕಣ್ಣಳತೆಗಿಂತ ತುಸು ಕೆಳಗೆ,
ಕಡಲೆಬೀಜದಷ್ಟು ಒಂದು ಜಿಡ್ಡಿನ ಗುರುತು:
ಮೂಗು ಒತ್ತಿದ್ದು.
ದಿನಾ ಒರೆಸಿದ್ದೇನೆ, ದಿನಾ ಮೂಡಿದೆ.
ಇಷ್ಟು ಟನ್ ಲೋಹ ಇಷ್ಟು ವರ್ಷ ಹಾರಿದ್ದು
ಒಬ್ಬ ಮನುಷ್ಯನ ಮೂಗಿನ ನೇರಕ್ಕೆ.
ಬಟ್ಟೆ ಎತ್ತಿದೆ. ಆಮೇಲೆ ಅದರ ಸುತ್ತ ಒರೆಸಿದೆ.

ರನ್‌ವೇ ತುದಿಯಲ್ಲಿ ಅದು ಎದ್ದಾಗ
ಗಾಜಿನೊಳಗೆ ಚೂ ಲಾಟೀನಿನ ಬತ್ತಿಯಷ್ಟಾಗಿ ಕಂಡರು.
ಕೈ ಬೀಸಲಿಲ್ಲ, ಕೆಲಸದಲ್ಲಿದ್ದರು.
ಸದ್ದು ನನಗೆ ಕೇಳಿದ್ದು ಬಲಗಿವಿಗೆ, ಅಂಗಾಲಿಗೆ.

ಮಾರನೆಯ ಬೆಳಿಗ್ಗೆ ಹೊಸದಕ್ಕೆ ನಮ್ಮ ಏಣಿ ಒರಗಿಸಿದೆವು.
ಪೈಲಟ್ಟುಗಳ ಗಾಜಿಗೆ ಎಟುಕಲಿಲ್ಲ.
ಉದ್ದದ್ದೊಂದು ತರಲು ಹುಡುಗನನ್ನು ಅಟ್ಟಿ,
ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿ
ಕಾಯುತ್ತ ನಿಂತೆ.