ಬೆಂಕಿಪೊಟ್ಟಣದ ಎತ್ತರ

ಎಸ್ಪನ್ಯೋಲಾ ಊರಾಚೆ, ರಿಯೊ ಗ್ರಾಂಡೆಗೆ
ಬೆನ್ನು ಹಾಕಿ ಕೂತ ತಗಡಿನ ಶೆಡ್ಡಿನಲ್ಲಿ
ನಾನು ದೀಪ ಹಿಡಿಯುವವಳು.
ಅಷ್ಟೇ ನನ್ನ ಕೆಲಸ.
ಎಡಕ್ಕೆ ಅಂದರೆ ಎಡಕ್ಕೆ,
ನೋಡಬೇಡ ಅಂದರೆ ಕಣ್ಣು ಮುಚ್ಚಬೇಕು.
ಮುಚ್ಚಿದ ರೆಪ್ಪೆಯೊಳಗೂ ಹಸಿರಾಗಿ ಉರಿಯುತ್ತದೆ ಬೆಸುಗೆ.

ಹಗಲೆಲ್ಲ ಶಾಲೆಬಸ್ಸುಗಳ ವೈದ್ಯ ಎಲಿಸೇಯೊ ಮಾವ.
ರಾತ್ರಿ ಅವನಿಗೆ ಒಂದೇ ರೋಗಿ:
ತೊಂಬತ್ತೊಂದರ ಮಜ್ದಾ ಪಿಕಪ್,
ದ್ರಾಕ್ಷಿ ಬಣ್ಣ, ನೆಲಕ್ಕೆ ನಾಲ್ಕೇ ಬೆರಳು.
ಹರೆಯದಲ್ಲಿ ಪಟ್ಟಿಗೂ ಆಕ್ಸಲ್ಲಿಗೂ ನಡುವೆ
ಕಬ್ಬಿಣದ ದಿಮ್ಮಿ ತುರುಕಿ ತಗ್ಗಿಸಿದ್ದು.
ಬೀದಿಯಲ್ಲಿ ಬಿದ್ದ ನಾಣ್ಯದ ಮೇಲೆ ಹಾದರೂ ಸಾಕು,
ಹೆಡ್ಡೋ ಟೇಲೋ
ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು.

ನಿನ್ಫಾ ಅತ್ತೆ ಶನಿವಾರದ ಸಂತೆಗೆ ಮೊಟ್ಟೆ ಒಯ್ಯುವವಳು.
ಗೇಟಿನ ಬಳಿ ದನ ದಾಟದಂತೆ ಹಾಸಿದ ಕಂಬಿಗಳು,
ಅದರ ಮೇಲೆ ವಾರವಾರವೂ ಡಜನ್ ಎರಡು ಡಜನ್ ಹೋಗುತ್ತಿತ್ತು.
ಬೈಯಲಿಲ್ಲ ಅವಳು. ಕ್ಯಾಲೆಂಡರಿನ ಚೌಕಗಳಲ್ಲಿ
ಒಡೆದದ್ದನ್ನೆಲ್ಲ ಬರೆದಿಟ್ಟಳು.
ವರ್ಷಾಂತ್ಯಕ್ಕೆ ಕೂಡಿಸಿ
ಮೇಜಿನ ಮೇಲಿಟ್ಟು ಹೇಳಿದಳು:
ಟ್ರಕ್ಕನ್ನು ಎತ್ತು, ಇಲ್ಲ ನನ್ನನ್ನು ಇಳಿಸು.

ಎತ್ತುವುದೆಂದರೆ ಮಾವನಿಗೆ
ಮೀಸೆ ಬೋಳಿಸಿಕೊಂಡ ಹಾಗೆ.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ತಂದ, ತೊಡೆಯ ಮೇಲೆ
ಕೂಸಿನಂತೆ ಇಟ್ಟುಕೊಂಡು,
ರಬ್ಬರಿನ ಎರಡು ತಿದಿ.

ಹಿಂದಿನ ಡಬ್ಬ ಕಳಚಿದೆವು.
ಬೆತ್ತಲಾದ ಚಾಸಿಯ ಬೆನ್ನಲ್ಲಿ
ಎರಡೂ ಕಡೆ ಅರ್ಧಚಂದ್ರ ಕೊಯ್ದ,
ಇಳಿದಾಗ ಆಕ್ಸಲ್ಲು ಅಲ್ಲಿ ತಲೆಯಿಡಲೆಂದು.
ಕೊಯ್ದಲ್ಲಿ ದಪ್ಪ ಉಕ್ಕಿನ ಕಮಾನು.
ತಿದಿ ಕೂರುವ ತಟ್ಟೆಗೆ, ನಾಲ್ಕು ತೋಳುಗಳ ಕಿವಿಗೆ
ಅಚ್ಚು ಬೇಕಲ್ಲ,
ಮೊಟ್ಟೆಪೆಟ್ಟಿಗೆಯ ರಟ್ಟಿನಲ್ಲೇ ಕತ್ತರಿಸಿದ!
ಅತ್ತೆ ನೋಡಿದಳು, ಸುಮ್ಮನಿದ್ದಳು.
ಮೊದಲು ಚುಕ್ಕಿ, ಆಮೇಲೆ ಗೆರೆ.
ಚುಕ್ಕಿ ತಪ್ಪಿದರೆ ಗೆರೆ ಏನು ಮಾಡೀತು, ಎನ್ನುತ್ತಿದ್ದ.

ತಪ್ಪಿತು.
ಬಲಗಡೆಯ ಕಿವಿ ಒಂದು ಬೆರಳು ಮುಂದೆ.
ಗಾಲಿ ಏಡಿಯಂತೆ ಓರೆ ನೋಡುತ್ತಿತ್ತು.
ಆ ಹೊತ್ತಿನಲ್ಲಿ ನನ್ನ ದೀಪ ವಾಲಿತ್ತು,
ನಾನು ನಿಂತಲ್ಲೇ ತೂಕಡಿಸಿದ್ದೆ.
ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ
ಬೆಳಗಿನ ಜಾವದವರೆಗೂ ಗ್ರೈಂಡರ್ ಹಿಡಿದ.
ಮಾಡಿದ್ದನ್ನು ಬಿಡಿಸುವ ಸದ್ದೇ ಬೇರೆ,
ಕಿಡಿ ನನ್ನ ಕಡೆಗೇ ಹಾರುತ್ತಿದ್ದವು.

ಕೊನೆಗೊಂದು ರಾತ್ರಿ ಕಂಪ್ರೆಸರ್ ಗುರುಗುಟ್ಟಿತು.
ಮಲಗಿದ್ದ ಟ್ರಕ್ಕು
ಹಸುವಿನ ಹಾಗೆ, ಹಿಂಗಾಲು ಮೊದಲು,
ಎದ್ದಿತು.
ಮಾವ ಮಾತಾಡದೆ ಚಾಸಿಯ ಕೆಳಗೆ
ಬೆಂಕಿಪೊಟ್ಟಣವೊಂದನ್ನು ನೆಟ್ಟಗೆ ನಿಲ್ಲಿಸಿದ.
ನಾಳೆಯೂ ಹೀಗೇ ನಿಂತಿದ್ದರೆ ಗೆದ್ದೆವು.

ಬೆಳಿಗ್ಗೆ ನೋಡಿದರೆ ಅಪ್ಪಚ್ಚಿ.
ಮರುದಿನವೂ.
ರಾತ್ರಿಯಿಡೀ ಉಸಿರು ಬಿಟ್ಟಿದ್ದೆಲ್ಲಿಂದ?
ಬಾಂಡಲಿಯಲ್ಲಿ ಸೋಪುನೀರು ಕಲಸಿ
ನಳಿಗೆಯುದ್ದಕ್ಕೂ ಕುಂಚದಿಂದ ಬಳಿದ.
ನಾನು ದೀಪ ಹಿಡಿದೆ. ಈ ಸಲ ಎರಡೂ ಕೈಯಲ್ಲಿ.
ಏನೂ ಇಲ್ಲ, ಏನೂ ಇಲ್ಲ,
ವಾಲ್ವಿನ ಕುತ್ತಿಗೆಯಲ್ಲಿ
ಸಾಸಿವೆಯಷ್ಟು ಗುಳ್ಳೆ.
ಊದಿತು, ಅದರಲ್ಲಿ ನನ್ನ ದೀಪ ಪುಟ್ಟದಾಗಿ ಉರಿಯಿತು,
ಒಡೆಯಿತು. ಮತ್ತೆ ಹುಟ್ಟಿತು.
ಇಲ್ಲಿ! ಅಂದೆ.
ಇಡೀ ಚಳಿಗಾಲದಲ್ಲಿ ನಾನಾಡಿದ ಒಂದೇ ಮಾತು
ಕೆಲಸಕ್ಕೆ ಬಂತು.

ಶನಿವಾರ ಹನ್ನೆರಡು ಡಜನ್.
ಕಂಬಿಗಳ ಮೇಲೆ ಹಾದಾಗ ಅತ್ತೆ ಮೂಗುಬ್ಬಸ ಹಿಡಿದವಳಂತೆ
ಬಾಯಿ ತೆರೆದು ಕೂತಿದ್ದಳು,
ಹಿಂದೆ ಡಬ್ಬ ತೇಲಿತು, ಇಳಿಯಿತು.
ಸಂತೆಯಲ್ಲಿ ಮಾವ ಗುಂಡಿ ಒತ್ತಿದ.
ಉಸ್ಸೆಂದು ನೆಲ ಮುಟ್ಟಿತು ಟ್ರಕ್ಕು.
ಹತ್ತಿರದ ಹುಡುಗರು ಚಪ್ಪಾಳೆ ತಟ್ಟಿದರು.
ಅತ್ತೆ ಎಣಿಸಿದಳು. ಒಂದು ಒಡೆದಿತ್ತು.
ಅದು ಕೋಳಿಯ ತಪ್ಪು, ಎಂದ ಮಾವ.
ಆ ರಾತ್ರಿ ಕ್ಯಾಲೆಂಡರಿನಲ್ಲಿ
ಒಂದು ಎಂದು ಬರೆದು, ಪೆನ್ನು ಹಿಡಿದೇ ನಿಂತು,
ಹೊಡೆದು ಹಾಕಿದಳು.

ಅಪ್ಪಚ್ಚಿಯಾದ ಆ ಪೊಟ್ಟಣ ನನ್ನ ಬಳಿ ಇದೆ.
ಕಡ್ಡಿಗಳು ಒಳ್ಳೆಯವೇ, ಗೀರಿದರೆ ಹತ್ತುತ್ತವೆ.