ಮೂರನೇ ಪಿನ್ನು

ಚಿಪ್ಪು ಅಂದರೆ ನಮ್ಮಲ್ಲಿ ಮರುವಾಯಿಯದ್ದು.
ಇದು ಬೇರೆ. ಬೆಂಕಿಪೆಟ್ಟಿಗೆಗಿಂತ ಚೂರು ದೊಡ್ಡದು,
ಎರಡು ವಯರು ಬಾಲ,
ಒಳಗೆ ಕರಿ ಅಂಟು ಸುರಿದು ಮುಚ್ಚಿದ್ದಾರೆ.
ಬಿಚ್ಚಿ ಸ್ಟೂಲಿನ ಮೇಲೆ ಇಟ್ಟಿದ್ದೇನೆ,
ಚಾ ಗ್ಲಾಸಿನ ಪಕ್ಕ.

ಲಾರಿ ಈಗ ಎಳೆಯುವುದಿಲ್ಲ.
ಸ್ಟಾರ್ಟ್ ಆಗುತ್ತದೆ, ಮೂರನೇ ಗೇರಿನಲ್ಲಿ ಕೆಮ್ಮುತ್ತದೆ,
ಮೀಟರಿನ ಹತ್ತಿರ ಹಳದಿ ದೀಪ
ಕೆಂಗಣ್ಣು ಬಂದವನ ಹಾಗೆ ಉರಿಯುತ್ತಾ ಕೂತಿದೆ.
ಹಸನಬ್ಬ ಟಯರಿಗೆ ಒರಗಿ ಕೇಳುತ್ತಾನೆ:
"ತೆಗೆದ್ರೆ ಸಮ ಆಗ್ತದೆ ಅಂದಿದ್ರಲ್ಲ ಪೊರ್ಬುಗಳೇ?"

ಅಂದಿದ್ದೆ.
ಹಾಕಿದರೆ ಸಮ ಆಗ್ತದೆ ಅಂದವನೂ ನಾನೇ,
ಎರಡು ವರ್ಷದ ಹಿಂದೆ, ಸಂತೆಕಟ್ಟೆಯ ಇದೇ ಶೆಡ್ಡಿನಲ್ಲಿ.

ಆಗ ಕರ್ಕೇರರ ಅವಸರ ಬೇರೆ ಇತ್ತು.
ಮಲ್ಪೆ ಧಕ್ಕೆಯಲ್ಲಿ ಬಂಗುಡೆ ತುಂಬಿದ ಗಾಡಿ
ಐಸು ಕರಗುವ ಮೊದಲು ಘಾಟಿ ಹತ್ತಬೇಕು,
ಶಿರಾಡಿಯಲ್ಲಿ ಬೇರೆಯವರ ಹಿಂಬದಿ ನೋಡುತ್ತಾ ಕೂರಬಾರದು.
ಪೆಟ್ಟಿಗೆ ಮಾಡಿದ ಕೆಲಸ ಇಷ್ಟೇ:
ಡೀಸೆಲಿನ ಒತ್ತಡ ಎಷ್ಟಿದೆಯೋ
ಅದಕ್ಕಿಂತ ಕಡಿಮೆ ಅಂತ ಕಂಪ್ಯೂಟರಿಗೆ ಹೇಳಿತು.
ಪಾಪದ್ದು, ನಂಬಿತು.
ಹೊಟ್ಟೆ ತುಂಬಲಿಲ್ಲವಾ, ಇನ್ನೊಂದು ಸೌಟು ತಕೋ
ಅಂತ ಬಡಿಸುತ್ತಲೇ ಹೋಯಿತು.
ಲಾರಿ ಹಾರಿತು. ಹೊಗೆ ಕಪ್ಪಾಯಿತು.
ಹಸನಬ್ಬ ಹೊಗೆ ನೋಡಲಿಲ್ಲ,
ಕನ್ನಡಿಯಲ್ಲಿ ಸಣ್ಣಗಾಗುವ ಲಾರಿಗಳನ್ನು ನೋಡಿದ.
ಎರಡನೇ ಇಂಜೆಕ್ಟರು ಹೋಯಿತು. ಆಮೇಲೆ ನಾಲ್ಕನೆಯದ್ದು.
ಎಫ್‌ಸಿಗೆ ನಿಲ್ಲಿಸಿದಾಗ ಆರ್‌ಟಿಒದವರು ಮೂಗು ಮುಚ್ಚಿಕೊಂಡರಂತೆ,
ಮೀನಿಗೋ ಹೊಗೆಗೋ ಗೊತ್ತಾಗಲಿಲ್ಲ.

ಈಗ ಹುಡುಕು.
ಫಿಲ್ಟರು ಬದಲಿಸಿದೆ. ಪಂಪಿನ ಗಾಳಿ ತೆಗೆದೆ.
ಟರ್ಬೋ ಪೈಪಿಗೆ ಸೋಪಿನ ನೀರು ಹಚ್ಚಿ
ಗುಳ್ಳೆಗೆ ಕಾದೆ, ಬರಲಿಲ್ಲ.
ಬ್ಯಾಟರಿ ವಯರು ಕಳಚಿ ಅರ್ಧ ಗಂಟೆ ಬಿಟ್ಟೆ,
ಹಳೆಯದ್ದೆಲ್ಲ ಮರೆಯಲಿ ಅಂತ.
ರೊಯ್ಸ್ಟನ್ ಸ್ಕ್ಯಾನರು ಹಿಡಿದು ಓದಿದ:
"ರೈಲ್ ಪ್ರೆಶರ್. ಮತ್ತೆ ಅದೇ, ಮಾಮ."
ಸುಳ್ಳು ಕೇಳಿ ಕೇಳಿ ಅಭ್ಯಾಸವಾದ ಮೇಲೆ
ನಿಜವೂ ಕಿವಿಗೆ ಹತ್ತುವುದಿಲ್ಲ ಅಂತ
ಒಂದು ದೊಡ್ಡ ಮಾತು ಬಾಯಿಗೆ ಬಂತು.
ಚಾದ ಜೊತೆ ನುಂಗಿದೆ.
ಸೆನ್ಸರಿನ ಸಾಕೆಟ್ ಎಳೆದು ಟಾರ್ಚು ಬಿಟ್ಟೆ.

ಒಂದು ಸರಿ. ಎರಡು ಸರಿ.
ಮೂರನೇ ಪಿನ್ನು ಹಸಿರು.
ಪಾಚಿ ಅಲ್ಲ, ಉಪ್ಪು ತಿಂದದ್ದು,
ಎರಡು ವರ್ಷ ಧಕ್ಕೆಯ ಗಾಳಿ ಒಳಗೆ ಕೂತು
ನಿಧಾನಕ್ಕೆ ಊಟ ಮಾಡಿದೆ.
ರಬ್ಬರು ಸೀಲು ಇರಬೇಕಾದಲ್ಲಿ ಕರಿ ಟೇಪು.
ಟೇಪು ಸುತ್ತಿದ ದಿಕ್ಕು ತಿರುಗುಮುರುಗು.
ಈ ರಸ್ತೆಯಲ್ಲಿ ಎಡಗೈ ಮೆಕ್ಯಾನಿಕ್ಕು
ಒಬ್ಬನೇ ಇದ್ದಾನೆ.

ರೊಯ್ಸ್ಟನ್ ನೋಡಿದನೋ ಇಲ್ಲವೋ.
ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ,
ಪಿನ್ನು ಹೊಳೆಯಿತು, ಮೊದಲಿಗಿಂತ ತೆಳ್ಳಗೆ.
ಸೀಲಿಗೆ ಅವನನ್ನೇ ಉಡುಪಿ ಪೇಟೆಗೆ ಓಡಿಸಿದೆ.

ಸಂಜೆ, ಕಲ್ಯಾಣಪುರದ ಸೇತುವೆ.
ದೀಪ ಆರಿದೆ, ಕೆಮ್ಮು ಇಲ್ಲ,
ಹಸನಬ್ಬ ಮಾತ್ರ ಕಾಲು ಒತ್ತಿಯೇ ಇದ್ದಾನೆ.
"ಇಷ್ಟೇಯಾ?"
ಇಷ್ಟೇ, ಅಂದೆ. ಕಂಪನಿಯವರು ಕೊಟ್ಟದ್ದು ಇಷ್ಟೇ.
ಕೋಳಿ ತುಂಬಿದ ಟೆಂಪೋ ಒಂದು
ಹಾರ್ನು ಹೊಡೆದು ನಮ್ಮನ್ನು ದಾಟಿ ಹೋಯಿತು.
ಹೊಳೆ ಮುಗಿಯುವವರೆಗೆ ಅವನು ಮಾತಾಡಲಿಲ್ಲ.
ಆಮೇಲೆ, ತನಗೇ ಹೇಳಿಕೊಂಡ ಹಾಗೆ:
"ಐಸು ಎರಡು ಬುಟ್ಟಿ ಜಾಸ್ತಿ ಹಾಕಬೇಕು ಹಾಗಾದ್ರೆ."

ಬಿಲ್ಲಿನಲ್ಲಿ ಸೀಲು ಅಂತ ಬರೆದೆ, ಎಪ್ಪತ್ತು ರೂಪಾಯಿ.
ಕೂಲಿ ಅಂತ ಇರುವಲ್ಲಿ ಖಾಲಿ ಬಿಟ್ಟೆ.
ಯಾಕೆ ಅಂತ ಕೇಳುತ್ತಾನೆ ಅಂತ
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕಾದೆ.
ಮಡಚಿ ಕಿಸೆಗೆ ಹಾಕಿಕೊಂಡ.